ನಾನೂರ ಎಂಬತ್ತು ಬೆಕ್ಕು

ಐವತ್ತು ದಾಟಿದ ಗಂಡಸು, ಅದೂ ಹತ್ತಾರು ಮಂದಿಯಿಂದ ಮ್ಯಾನೇಜರು ಅನ್ನಿಸಿಕೊಂಡವನು, ದಿನಾ ಮಧ್ಯಾಹ್ನ ಮೊಸರನ್ನದ ಡಬ್ಬಿ ಮುಂದಿಟ್ಟುಕೊಂಡು ಕಾರ್ಟೂನು ನೋಡುತ್ತಾನೆ ಎಂದು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಧೈರ್ಯ ಬೇಕು. ನನಗೆ ಆ ಧೈರ್ಯ ಇತ್ತೀಚೆಗೆ ಬಂದಿದೆ. ಅಮೆರಿಕದ ಪ್ಲೆಸೆಂಟನ್ನಿನ ನಮ್ಮ ಆಫೀಸಿನಲ್ಲಿ ಕಿಟಕಿ ಪಕ್ಕದ ಒಂದು ಮೂಲೆ ನನ್ನದು. ಅಲ್ಲಿ ಕೂತು ನಾನು ನೋಡುವುದು ನೂರು ವರ್ಷ ಹಳೆಯ ಮೂಕಿ ಕಾರ್ಟೂನುಗಳನ್ನು. ಅವುಗಳಿಗೆ ಸದ್ದೇ ಇಲ್ಲದ್ದರಿಂದ ಇಷ್ಟು ವರ್ಷ ಯಾರಿಗೂ ಗುಮಾನಿ ಬರಲಿಲ್ಲ. ಗಂಭೀರವಾಗಿ ಸ್ಕ್ರೀನು ನೋಡುವ ನನ್ನನ್ನು ಕಂಡು, ಪಾಪ, ಊಟದ ಹೊತ್ತಿನಲ್ಲೂ ಕೆಲಸ ಮಾಡುತ್ತಾನೆ ಎಂದು ಎರಡು ಸಲ ಮೀಟಿಂಗಿನಲ್ಲಿ ಹೊಗಳಿದ್ದೂ ಉಂಟು. ನಾನು ಬೇಡ ಅನ್ನಲಿಲ್ಲ.

ಎಲ್ಲ ಕಾರ್ಟೂನೂ ನನಗೆ ಆಗುವುದಿಲ್ಲ. ನಿಜವಾದ ಮನುಷ್ಯರೂ ಬರೆದ ಬೊಂಬೆಗಳೂ ಒಂದೇ ಚೌಕಟ್ಟಿನಲ್ಲಿ ಓಡಾಡುತ್ತಾರಲ್ಲ, ಆ ಜಾತಿಯವು ಬೇಕು. ನೀವು ನೋಡಿಲ್ಲವಾದರೆ ಹೇಳುತ್ತೇನೆ. ಮೊದಲು ಖಾಲಿ ಹಾಳೆ. ಅದರ ಮೇಲೆ ಒಂದು ಕೈ ಬರುತ್ತದೆ, ಬರೆದ ಕೈಯಲ್ಲ, ಅಂಗಿಯ ತೋಳು, ಗುಂಡಿ, ಉಗುರು ಎಲ್ಲ ಇರುವ ಅಸಲಿ ಕೈ. ಅದು ಶಾಯಿಯ ದೌತಿಯಲ್ಲಿ ಲೇಖನಿಯ ಟಾಕು ಅದ್ದಿ ನಾಲ್ಕು ಗೆರೆ ಎಳೆಯುತ್ತದೆ. ಗೆರೆಗಳಿಗೆ ಕೈಕಾಲು ಮೂಡಿ ಒಬ್ಬ ಪುಟಾಣಿ ಎದ್ದು ನಿಲ್ಲುತ್ತಾನೆ. ಎದ್ದವನು ಸುಮ್ಮನಿರುತ್ತಾನೆಯೇ? ಟೊಪ್ಪಿಗೆ ಯಾಕೆ ಬರೆಯಲಿಲ್ಲ ಎಂದು ತಕರಾರು ತೆಗೆಯುತ್ತಾನೆ. ಹಾಳೆಯಿಂದ ಮೇಜಿಗೆ ಜಿಗಿದು ಶಾಯಿ ಚೆಲ್ಲುತ್ತಾನೆ. ಬರೆದವನ ಮೂಗು ಹಿಡಿದು ಜಗ್ಗುತ್ತಾನೆ. ಕಡೆಗೆ ಅವನನ್ನು ಹಿಡಿದು ದೌತಿಗೆ ತುರುಕಿ ಬಿರಟೆ ಹಾಕುವಷ್ಟರಲ್ಲಿ ಕಲಾವಿದ ಬೆವತುಹೋಗಿರುತ್ತಾನೆ. ಇನ್ನೊಂದು ಬಗೆಯಲ್ಲಿ ಇದು ಉಲ್ಟಾ. ಜಡೆ ಹಾಕಿದ ನಿಜವಾದ ಹುಡುಗಿಯೊಬ್ಬಳು ಬರೆದ ಊರಿನೊಳಗೆ ಹೋಗುತ್ತಾಳೆ. ಅಲ್ಲಿಯ ಮರ, ನಾಯಿ, ರೈಲು ಎಲ್ಲ ಗೆರೆಯವು, ಅವಳೊಬ್ಬಳು ಮಾತ್ರ ರಕ್ತಮಾಂಸದವಳು.

ಇದನ್ನು ಹೇಗೆ ಮಾಡುತ್ತಿದ್ದರು ಎಂದು ಓದುವುದು ನನ್ನ ಇನ್ನೊಂದು ಚಟ. ಹಾಳೆಗಳಿಗೆ ತೂತು ಕೊರೆದು ಗೂಟಕ್ಕೆ ಸಿಕ್ಕಿಸಿ, ಒಂದರ ಮೇಲೊಂದು ಇಟ್ಟು, ಕೂದಲೆಳೆಯಷ್ಟು ಬದಲಾಯಿಸಿ ಬರೆದದ್ದನ್ನೇ ಬರೆಯುವುದು. ಮನುಷ್ಯರ ಚಿತ್ರ ಬೇರೆ ತೆಗೆದು, ಒಂದೊಂದು ಚೌಕಟ್ಟನ್ನೂ ಕಾಗದದ ಮೇಲೆ ಅಚ್ಚುಹಾಕಿ, ಅದರ ಮೇಲೆ ಬೊಂಬೆಯನ್ನು ಕೂರಿಸಿ, ಮತ್ತೆ ಒಂದೊಂದೇ ಫೋಟೋ ಹೊಡೆಯುವುದು. ನಿಮಿಷದ ಚೇಷ್ಟೆಗೆ ವಾರಗಟ್ಟಲೆ ದುಡಿಮೆ. ಇವತ್ತು ಇದೇ ಕೆಲಸವನ್ನು ಕಂಪ್ಯೂಟರು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ, ಅದೂ ಹುಲಿಯ ಮೀಸೆಯ ಕೂದಲು ಎಣಿಸುವ ಹಾಗೆ. ಮಾಡಲಿ ಬಿಡಿ. ಹಳೆಯದರಲ್ಲಿ ಬೊಂಬೆ ಸುಮ್ಮನೆ ನಿಂತಾಗಲೂ ಸಣ್ಣಗೆ ನಡುಗುತ್ತಿರುತ್ತದೆ, ಯಾಕೆಂದರೆ ಯಾವ ಕೈಯೂ ಒಂದೇ ಗೆರೆಯನ್ನು ಎರಡು ಸಲ ಎಳೆಯಲಾರದು. ಆ ನಡುಕ ಕಂಡರೆ ನನಗೆ ಯಾರೋ ಪರಿಚಯದವರು ಕಂಡಂತಾಗುತ್ತದೆ.

ಪರಿಚಯ ಹಳೆಯದೇ. ಹುಬ್ಬಳ್ಳಿಯಲ್ಲಿ ಐದನೆಯ ಇಯತ್ತೆಯಲ್ಲಿದ್ದಾಗ ಗಣಿತದ ಪುಸ್ತಕದ ಮೂಲೆಮೂಲೆಗೆ ಒಂದು ಬೆಕ್ಕು ಬರೆದಿದ್ದೆ. ಹಾಳೆಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಬೆಕ್ಕು ಎಡದಿಂದ ಬಲಕ್ಕೆ ಓಡಿ, ಮೂರರ ಮಗ್ಗಿಯ ಹತ್ತಿರ ಜಿಗಿದು, ಭಾಗಾಕಾರದಲ್ಲಿ ಬೀಳುತ್ತಿತ್ತು. ಆ ಪುಸ್ತಕ ಮುಂದಿನ ವರ್ಷ ಓಣಿಯ ಇನ್ನೊಬ್ಬನಿಗೆ ಹೋಗಬೇಕಾದದ್ದು. ಅವ್ವ ನೋಡಿದಳು. ಬೆನ್ನಿಗೆ ಒಂದು ಗುದ್ದು ಬಿತ್ತು, ರಬ್ಬರು ಕೈಗೆ ಬಂತು. ಆದರೆ ರಬ್ಬರು ಕೊಡುವ ಮೊದಲು ಅವಳು ಅಡಿಗೆಮನೆಯ ಬಾಗಿಲಿಗೆ ಹೋಗಿ, ಬೆನ್ನು ತಿರುಗಿಸಿ ನಿಂತು, ತಾನೇ ಎರಡು ಸಲ ಹಾಳೆ ಬಿಟ್ಟು ನೋಡಿದ್ದನ್ನು ನಾನು ನೋಡಿದ್ದೇನೆ.

ಹೋದ ವರ್ಷ ಅವ್ವ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಳು. ಎಪ್ಪತ್ತಾರು ವಯಸ್ಸು, ಮೊಣಕಾಲು ನೋವು ಬಿಟ್ಟರೆ ಗಟ್ಟಿ. ಹುಬ್ಬಳ್ಳಿಯಲ್ಲಿ ಅವಳಿರುವುದು ನಮ್ಮಣ್ಣನ ಮನೆಯಲ್ಲಿ. ಅಲ್ಲಿ ದಿನವಿಡೀ ಜನ, ಸೋಮವಾರ ಭಜನೆ, ಬಾಗಿಲಿಗೆ ಚಿಲಕ ಹಾಕಿದ್ದನ್ನೇ ಕಾಣದ ಮನೆ. ಇಲ್ಲಿ ನಮ್ಮ ಬೀದಿಯಲ್ಲಿ ಮನುಷ್ಯರಿಗಿಂತ ಕಸದ ಡಬ್ಬಿಗಳೇ ಹೆಚ್ಚು ಹೊರಗೆ ಬರುತ್ತವೆ. ಒಂದು ಭಾನುವಾರ ಮಧ್ಯಾಹ್ನ, ಪಾಪ ಬೇಸರಪಟ್ಟುಕೊಂಡಿದ್ದಾಳೆ ಎಂದು ಅವಳನ್ನು ಫ್ರೀಮಾಂಟ್ ಕಡೆಯ ಸಣ್ಣ ಹಳೆ ಥಿಯೇಟರಿಗೆ ಕರೆದುಕೊಂಡು ಹೋದೆ. ಅಲ್ಲಿ ಮೂಕಿ ಚಿತ್ರಗಳನ್ನು ಹಾಕುತ್ತಾರೆ, ಪಕ್ಕದಲ್ಲಿ ಒಬ್ಬ ಮುದುಕ ಕೂತು ತೆರೆ ನೋಡುತ್ತ ಪಿಯಾನೊ ಬಾರಿಸುತ್ತಾನೆ. ಬರೆದ ಕುದುರೆಯೊಂದು ಅಸಲಿ ಪೊಲೀಸಿನ ಟೊಪ್ಪಿಗೆ ತಿಂದಿತು. ಇಡೀ ಥಿಯೇಟರು ನಕ್ಕಿತು. ಅವ್ವ ಅವರೆಲ್ಲರ ಜೊತೆಗೇ ನಕ್ಕಳು, ಅರ್ಧ ಕ್ಷಣ ಹಿಂದಲ್ಲ, ಮುಂದಲ್ಲ. ಈ ದೇಶದಲ್ಲಿ ಅವಳು ನಾಲ್ಕು ಮಂದಿಯ ಜೊತೆ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಕಾರಿನಲ್ಲಿ ಹೇಳಿದಳು: "ತಮ್ಮಾ, ಇಲ್ಲಿಗೆ ಬಂದಾಗಿಂದ ನನಗ ಪೂರ್ತಿ ತಿಳದ ಮಾತು ಇದೊಂದ ನೋಡು."

"ಅದರಾಗ ಮಾತ ಇಲ್ಲಲ್ಲವ್ವ."

"ಅದಕ್ಕs ತಿಳೀತು."

ಈ ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ನನ್ನ ಮಗಳು ಮೈತ್ರಿಗೆ ಹತ್ತು ವರ್ಷ. ಎಲ್ಲ ಮಕ್ಕಳಂತೆ ಅವಳಿಗೂ ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ. ಶನಿವಾರ ಸ್ಯಾನ್ ಹೊಸೆಯಲ್ಲಿ ಕನ್ನಡ ಕ್ಲಾಸಿಗೆ ಹಾಕಿದ್ದೇವೆ. ಅಲ್ಲಿಯ ಟೀಚರು ಆ ವಾರವೇ ಒಂದು ಹೋಂವರ್ಕು ಕೊಟ್ಟಿದ್ದರು: ಮನೆಯವರೆಲ್ಲ ಸೇರಿ ಎರಡು ನಿಮಿಷದ ಕನ್ನಡ ವಿಡಿಯೊ ಮಾಡಬೇಕು. ಮಗಳು ಮುಖ ಸಣ್ಣದು ಮಾಡಿಕೊಂಡಿದ್ದಳು. "ಅಪ್ಪಾ, ಐ ವಿಲ್ ಸೌಂಡ್ ಸೋ ಡಂಬ್," ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಆಗ ನನಗೆ ಹೊಳೆಯಿತು, ಮೂಕಿ ಚಿತ್ರವನ್ನೇ ಮಾಡಿದರೆ? ಮಾತು ಬರುವ ಕಡೆಯಲ್ಲೆಲ್ಲ ಅವಳು ಕೈಯಲ್ಲಿ ಕನ್ನಡ ಬರೆದ ಕಾರ್ಡು ತೋರಿಸಿದರಾಯಿತು. ಕನ್ನಡ ಮಾತಾಡಬೇಕಾದ ವಿಡಿಯೊಕ್ಕೆ ಮೂಕಿ ಚಿತ್ರ ಕಳಿಸಿದ ಮೊದಲ ತಂದೆ ಬಹುಶಃ ನಾನೇ. ಸುಳ್ಳೇಕೆ, ಮಗಳ ನೆಪದಲ್ಲಿ ನನ್ನ ಚಪಲ ತೀರಿಸಿಕೊಳ್ಳುವ ಆಸೆಯೂ ಇತ್ತು.

ಕಥೆ ಸಲೀಸು. ನನ್ನ ಕೈ ಒಂದು ಬೆಕ್ಕು ಬರೆಯುತ್ತದೆ. ಬೆಕ್ಕು ಹಾಳೆಯಿಂದ ಇಳಿದು ಬಂದು ಮೈತ್ರಿಯ ತಟ್ಟೆಯ ಹೋಳಿಗೆ ಕದಿಯುತ್ತದೆ. ಅವಳು ಬೈಯುತ್ತಾಳೆ, ಅಟ್ಟಿಸಿಕೊಂಡು ಹೋಗುತ್ತಾಳೆ, ಕಡೆಗೆ ಇಬ್ಬರೂ ಒಂದೇ ಹೋಳಿಗೆಯನ್ನು ಮುರಿದುಕೊಂಡು ತಿನ್ನುತ್ತಾರೆ. ಮೊದಲ ದಿನ ಶೂಟಿಂಗು ಮಾಡಿ ನೋಡಿದರೆ ಯಾವುದೂ ಸರಿಬಂದಿರಲಿಲ್ಲ. ಬೆಕ್ಕು ಬರಬೇಕಾದ ಖಾಲಿ ಕುರ್ಚಿಯನ್ನು ಮಗಳು ಗೋಡೆಯ ಗಡಿಯಾರ ನೋಡಿದ ಹಾಗೆ ನೋಡುತ್ತಿದ್ದಾಳೆ. ಆ ಹಳೆಯ ಚಿತ್ರಗಳ ನಟರ ದೊಡ್ಡಸ್ತಿಕೆ ನನಗೆ ಅವತ್ತು ಗೊತ್ತಾಯಿತು. ಎದುರಿಗೆ ಏನೂ ಇಲ್ಲ, ಆದರೂ ಏನೋ ಇದೆ ಎಂದು ನೋಡಬೇಕು. ನೋಟ ಒಂದು ಗೇಣು ಆಚೆ ಈಚೆಯಾದರೂ ಮೋಸ ಬಯಲು. ನಮ್ಮ ಕಡೆಯ ದೊಡ್ಡಾಟದವರಿಗೆ ಇದು ನೀರು ಕುಡಿದಷ್ಟು ಸುಲಭ, ಇಲ್ಲದ ಕುದುರೆ ಹತ್ತಿ ಇಲ್ಲದ ಸೈನ್ಯ ಓಡಿಸುತ್ತಾರೆ. ನಮ್ಮ ಮನೆಯ ದೇವರಿಗೂ ಹಾಗೆಯೇ ಎಡೆ ಇಟ್ಟು, ಉಣ್ಣಲಿ ಎಂದು ಪರದೆ ಎಳೆದು ಕಾಯುತ್ತೇವೆ. ಪ್ಲೆಸೆಂಟನ್ನಿನಲ್ಲಿ ಹುಟ್ಟಿದ ಕೂಸಿಗೆ ಈ ಅಭ್ಯಾಸ ಎಲ್ಲಿಂದ ಬರಬೇಕು?

"ಅವ್ವಾ, ಒಂದೀಟು ಬಾ. ಈ ಕುರ್ಚಿ ಮ್ಯಾಲ ಕುಂದ್ರು. ಮೈತ್ರಿ ನಿನ್ನ ನೋಡ್ತಾಳ," ಎಂದೆ.

"ಬರೇ ಕುಂದರೂದೋ, ಏನರ ಮಾಡಬೇಕೋ?"

"ಹೋಳಗಿ ಕದಿ."

ಅಷ್ಟೇ ನಾನು ಹೇಳಿದ್ದು. ಅದಕ್ಕಿಂತ ಹೆಚ್ಚು ಹೇಳಬೇಕೆಂದು ತೋಚಲೇ ಇಲ್ಲ. ಕಂಪ್ಯೂಟರು, ಫೋನು, ಬ್ಯಾಂಕು ಯಾವುದೇ ಇರಲಿ, ಅವ್ವನಿಗೆ ಏನು ಮಾಡಬೇಕೆಂದು ಹೇಳುವುದು, ಯಾಕೆಂದು ಹೇಳದಿರುವುದು ನಮ್ಮ ಮನೆಯ ಗಂಡುಮಕ್ಕಳ ಹಳೆಯ ರೋಗ. ಅವಳೂ ಕೇಳಲಿಲ್ಲ. ಸೀದಾ ಕೋಣೆಗೆ ಹೋದಳು, ಹತ್ತು ನಿಮಿಷ ಬಿಟ್ಟು ಹಸಿರು ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಕುಂಕುಮ ತಿದ್ದಿಕೊಂಡು ಬಂದಳು. ಬೆಕ್ಕಿನ ಜಾಗದಲ್ಲಿ ಕೂರುವುದಕ್ಕೆ ಇಷ್ಟೆಲ್ಲ ಯಾಕೆ ಎಂದು ನಾನು ಕೇಳಬಹುದಿತ್ತು. ಕ್ಯಾಮೆರಾದ ಬೆಳಕು ನೋಡಿಕೊಳ್ಳುತ್ತಿದ್ದೆ.

ಮೂರು ಭಾನುವಾರ ನಡೆಯಿತು. ಮೊದಮೊದಲು ಅವ್ವ ಬಿಗಿದುಕೊಂಡು ಕೂತಳು, ಪಾಸ್‌ಪೋರ್ಟಿನ ಫೋಟೋಕ್ಕೆ ಕೂತ ಹಾಗೆ. ಆಮೇಲೆ ನೋಡಿ! ಹೋಳಿಗೆ ಕದ್ದು ಸೆರಗಿನೊಳಗೆ ಮುಚ್ಚಿಟ್ಟಳು. ಮೈತ್ರಿ ಬೈದರೆ ಕಿವಿ ಹಿಡಿದುಕೊಂಡಳು. ಮೊಮ್ಮಗಳು ಅಟ್ಟಿಸಿಕೊಂಡು ಬಂದಾಗ ಊಟದ ಮೇಜಿನ ಸುತ್ತ ಓಡಿ, ಅಂದರೆ ಅವಳ ಲೆಕ್ಕದಲ್ಲಿ ಓಡಿ, ಸೋಫಾದ ಹಿಂದೆ ಅಡಗಿದಳು. ಒಬ್ಬಳಿಗೆ ಇಂಗ್ಲಿಷ್ ಬಾರದು, ಇನ್ನೊಬ್ಬಳಿಗೆ ಕನ್ನಡ ಹೊರಡದು. ಮಾತೇ ಬೇಡವೆಂದ ಮೇಲೆ ಇಬ್ಬರಿಗೂ ಹಬ್ಬ. ನಮ್ಮ ಹಜಾರದಲ್ಲಿ ಅಷ್ಟು ನಗು ನಾನು ಕೇಳಿರಲಿಲ್ಲ.

ಎರಡನೆಯ ಭಾನುವಾರ ಅವ್ವ ಕೆಂಪು ಸೀರೆಯಲ್ಲಿ ಬಂದಳು. ನನ್ನ ಹೆಂಡತಿ ವಿದ್ಯಾ ಉಡುಪಿಯವಳು, ಕಣ್ಣು ಚುರುಕು. ಅಡಿಗೆಮನೆಯಿಂದ ಕರೆದು, "ಎಂತ ಮಾರಾಯ್ರೆ, ಅತ್ತೆ ಹೋದ ವಾರ ಹಸಿರು ಉಟ್ಟಿದ್ರು, ಇವತ್ತು ಕೆಂಪು. ಒಂದೇ ಸಿನಿಮಾ ಅಲ್ವಾ ಇದು?" ಎಂದಳು.

"ಅವ್ವ ಎಲ್ಲಿ ಕಾಣಸ್ತಾಳ ಬಿಡು. ಆಕಿ ಮ್ಯಾಲ ಬೆಕ್ಕು ಬರ್ತೈತಿ."

"ಅದು ಅತ್ತೆಗೆ ಗೊತ್ತುಂಟಾ?"

"ಗೊತ್ತಿರದ ಏನು?" ಎಂದೆ. ಈ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಡಿ, ನನಗೆ ನಾಚಿಕೆಯಾಗುತ್ತದೆ.

ಆಮೇಲಿನ ಕೆಲಸ ನನ್ನೊಬ್ಬನದು. ಸೆಕೆಂಡಿಗೆ ಎಂಟು ಚಿತ್ರದಂತೆ, ಬೆಕ್ಕು ಬರುವ ಒಂದು ನಿಮಿಷಕ್ಕೆ ನಾನೂರ ಎಂಬತ್ತು ಚಿತ್ರಗಳನ್ನು ಮನೆಯ ಪ್ರಿಂಟರಿನಲ್ಲಿ ಅಚ್ಚುಹಾಕಿದೆ. ಕಂಪ್ಯೂಟರಿನಲ್ಲಿ ಮಾಡಿದ್ದರೆ ಒಂದು ಸಂಜೆಯ ಕೆಲಸ. ಇಲ್ಲ, ನನಗೆ ಹಳೇ ಪದ್ಧತಿಯೇ ಆಗಬೇಕು. ಪ್ರತಿ ಹಾಳೆಯಲ್ಲೂ ಅವ್ವ ಇದ್ದಲ್ಲಿ ಬಿಳಿ ಬಣ್ಣ ದಪ್ಪಗೆ ಬಳಿದು, ಅಂಚಿಗೆ ಕಪ್ಪು ಶಾಯಿಯ ಗೆರೆ ಎಳೆದು, ಕಿವಿ, ಬಾಲ, ಮೀಸೆ ಸೇರಿಸಿದರೆ ಬಿಳಿ ಬೆಕ್ಕು ತಯಾರು. ಇಳಕಲ್ ಸೀರೆಯ ನೆರಿಗೆಯೆಲ್ಲ ಬೆಕ್ಕಿನ ಹೊಟ್ಟೆಯಾಯಿತು. ಅವ್ವನನ್ನು ಪೂರ್ತಿ ಮುಚ್ಚಬೇಕಾದ್ದರಿಂದ ಬೆಕ್ಕು ಆಳೆತ್ತರ ಬೆಳೆಯಿತು, ಮೈತ್ರಿ ಅದನ್ನು ಕರಡಿ ಅಂದಳು. ಸಂಜೆ ಆಫೀಸಿನಿಂದ ಬಂದವನೇ ಗ್ಯಾರೇಜಿನಲ್ಲಿ ಕೂತು ದಿನಕ್ಕೆ ಆರೇಳು ಬೆಕ್ಕು ಮುಗಿಸುತ್ತಿದ್ದೆ. ಫೋನು ತುಂಬಿಹೋಗಿ ಒದ್ದಾಡುತ್ತಿತ್ತು. ಹೇಗೂ ಹಾಳೆಗಳಿವೆಯಲ್ಲ ಎಂದು ಅವ್ವ ಇದ್ದ ಮೂರು ಭಾನುವಾರದ ವಿಡಿಯೊಗಳನ್ನೂ ಅಚ್ಚಿಗೆಂದು ಬಿಡಿಸಿದ ಚಿತ್ರಗಳನ್ನೂ ಅಳಿಸಿಬಿಟ್ಟೆ. ಆಫೀಸಿನಲ್ಲಿ ಕೆಲಸಕ್ಕೆ ಬಾರದ ಕಡತಕ್ಕೂ ಮೂರು ಕಡೆ ನಕಲು ಇಡಿಸುವ ಮನುಷ್ಯ ನಾನು.

ಅವ್ವ ಹುಬ್ಬಳ್ಳಿಗೆ ಹೊರಟಾಗ ನಾನಿನ್ನೂ ನೂರನೆಯ ಬೆಕ್ಕಿನಲ್ಲಿದ್ದೆ. ಏರ್‌ಪೋರ್ಟಿನಲ್ಲಿ ಗಾಲಿಕುರ್ಚಿಯ ಮೇಲೆ ಕೂತು, "ತಮ್ಮಾ, ಪಿಚ್ಚರ ಮುಗದ ಕೂಡ್ಲೆ ಕಳಸು, ಮರೀಬ್ಯಾಡ," ಎಂದಳು. ಮೊಮ್ಮಗಳನ್ನು ನೋಡುವ ಆಸೆ ಎಂದುಕೊಂಡೆ. ಎರಡು ತಿಂಗಳ ಮೇಲೆ ಚಿತ್ರ ಮುಗಿಯಿತು, ಹಿನ್ನೆಲೆಗೆ ಒಂದು ಪಿಯಾನೊ ತುಣುಕನ್ನೂ ಜೋಡಿಸಿದೆ. ಟೀಚರಮ್ಮ ಒಳ್ಳೆಯವರು, ಇಷ್ಟು ತಡವಾದರೂ ಬೇಸರಿಸದೆ ಮೂಕಿ ಚಿತ್ರವನ್ನೂ ಕನ್ನಡವೆಂದು ಒಪ್ಪಿಕೊಂಡರು. ಮೈತ್ರಿ ಬರೆದ "ಕಳ್ಳ ಬೆಕ್ಕೇ, ನನ್ನ ಹೋಳಿಗೆ ಕೊಡು" ಎಂಬ ಕಾರ್ಡಿಗೆ ಕ್ಲಾಸು ಚಪ್ಪಾಳೆ ತಟ್ಟಿತು. ನಾನು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ, ಅವ್ವನಿಗೆ ಕಳಿಸುವುದನ್ನೂ ಮರೆತೆ.

ನೆಲಕ್ಕೆ ಇಳಿಸಿದ್ದು ಗಂಗಕ್ಕ. ಗಂಗಕ್ಕ ನಮ್ಮಣ್ಣನ ಪಕ್ಕದ ಮನೆಯವರು, ಭಜನಾ ಮಂಡಳಿಯ ಗಟ್ಟಿ ಗಂಟಲು. ಅವತ್ತು ಅವ್ವನ ಜೊತೆ ವಿಡಿಯೊ ಕಾಲ್ ಮಾಡುತ್ತಿದ್ದಾಗ ನಡುವೆ ಅವರ ಅರ್ಧ ಮುಖ ಬಂತು.

"ಏನಪಾ ಶೇಖರೂ, ನಿಮ್ಮವ್ವನ್ನ ಅಮೇರಿಕಾದ ಪಿಚ್ಚರದಾಗ ಹೀರೋಯಿನ್ ಮಾಡೀಯಂತ! ಯಾವಾಗ ತೋರಸ್ತೀ? ಬರೂ ಸೋಮವಾರ ಭಜನಿ ಮುಗದ ಮ್ಯಾಲ ನಿಮ್ಮ ಮನ್ಯಾಗ ಟಿವಿಗೆ ಹಾಕಬೇಕಂತ ಎಲ್ಲಾರೂ ಕಾಯಾಕತ್ತೀವಿ ನೋಡು."

ಹಿಂದೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು, "ಸುಮ್ಮನಿರ್ರೀ ಗಂಗಕ್ಕ, ಹೀರೋಯಿನ್ ಅಂತ," ಎನ್ನುತ್ತಿದ್ದಳು. ಅವಳ ಮುಖದಲ್ಲಿ ಅಂಥ ಹಿಗ್ಗು ನಾನು ಎಂದೂ ಕಂಡಿರಲಿಲ್ಲ. ಬೆಕ್ಕಿನ ಸಂಗತಿ ಅವಳಿಗೆ ಗೊತ್ತೇ ಇಲ್ಲವೆಂದು ನನಗೆ ಆಗ ತಿಳಿಯಿತು.

ಗಂಗಕ್ಕ ಹೋದ ಮೇಲೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವನೇ ಶುರು ಮಾಡಿದಳು. "ನಿನಗ ಗೊತ್ತೈತೇನೋ ತಮ್ಮಾ, ನಮ್ಮ ಮನ್ಯಾಗಿನ ಯಾವ ಫೋಟೋದಾಗೂ ನಾ ಇಲ್ಲ. ನಿಮ್ಮಕ್ಕನ ಮದವಿ, ನಿಮ್ಮಣ್ಣನ ಮದವಿ, ನಿನ್ನ ಹೆಸರಿಡೂದು, ಎಲ್ಲಾ ತಗದು ನೋಡು. ಫೋಟೋದಾವ ಬಂದಾಗೆಲ್ಲ ನಾ ಒಲಿ ಮುಂದ. ಕರೀರಿ ಅಂತ ಒಬ್ಬರೂ ಅಂದಿಲ್ಲ, ನಾನೂ ಬಂದಿಲ್ಲ. ಹೋಗ್ಲಿ, ಈಗ ಒಂದ ಪಿಚ್ಚರದಾಗ ಬಂದ್ನೆಲ್ಲಾ, ಬಡ್ಡಿ ಸಮೇತ ಬಂತು." ಹೀಗೆಂದು ನಕ್ಕಳು. ಸಿಗ್ನಲ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಕಾಲ್ ಮುಗಿಸಿದೆ.

ಎದ್ದು ಹೋಗಿ ಹಳೆಯ ಆಲ್ಬಮ್ಮಿನ ಚಿತ್ರಗಳನ್ನೆಲ್ಲ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ. ನಿಜ. ಐವತ್ತು ವರ್ಷದಲ್ಲಿ ನನಗೆ ಒಂದು ಸಲವೂ ಕಾಣದ ವಿಷಯ. ಬೇರೆಯವರು ಅವಳನ್ನು ಕರೆಯಲು ಮರೆತರು, ಅಷ್ಟೇ. ನಾನಾದರೆ ಕರೆದು ಕೂರಿಸಿ, ನಗಿಸಿ, ಆಮೇಲೆ ಕೈಯಾರೆ ನಾನೂರ ಎಂಬತ್ತು ಸಲ ಅಳಿಸಿದ್ದೆ.

ಆ ವಾರದ ನನ್ನ ಸಾಹಸಗಳನ್ನು ಹೇಳಿದರೆ ನಗುತ್ತೀರಿ, ನಗಿ. ಫೋನಿನಲ್ಲಿ ಅಳಿಸಿದ್ದು ಮರಳಿ ಸಿಗುವ ಅವಧಿ ಎಂದೋ ಮುಗಿದಿತ್ತು. ಹಾಳೆಗಳ ಮೇಲಿನ ಬಿಳಿ ಬಣ್ಣವನ್ನು ಬ್ಲೇಡಿನಿಂದ ಕೆರೆದೆ. ಬಣ್ಣದ ಜೊತೆ ಕಾಗದವೂ ಎದ್ದು ಬಂತು. ಒದ್ದೆ ಹತ್ತಿಯಿಂದ ಒರೆಸಿದೆ. ಬೆಕ್ಕು, ಅವ್ವ, ಕುರ್ಚಿ ಮೂರೂ ಸೇರಿ ಬೂದಿ ಬಣ್ಣದ ಅಂಬಲಿಯಾಯಿತು. ಕಡೆಗೆ ಚಿತ್ರದ ಮೊದಲಿಗೆ ಒಂದು ಕಾರ್ಡು ಸೇರಿಸೋಣವೆಂದು "ಬೆಕ್ಕಿನ ಪಾತ್ರದಲ್ಲಿ: ಶ್ರೀಮತಿ ನೀಲವ್ವ" ಎಂದು ಅಂದವಾಗಿ ಬರೆದು ಹೆಂಡತಿಗೆ ತೋರಿಸಿದೆ.

"ಭಜನೆಯವರ ಎದುರು ಅತ್ತೆಯನ್ನು ಬೆಕ್ಕು ಮಾಡ್ತೀರಾ? ಬುದ್ಧಿ ಉಂಟಾ ನಿಮಗೆ?" ಎಂದು ವಿದ್ಯಾ ಕಾರ್ಡನ್ನು ಕಿತ್ತುಕೊಂಡಳು. "ಫೋನ್ ಮಾಡಿ, ತಪ್ಪಾಯ್ತು ಅಂತ ಹೇಳಿಬಿಡಿ ಮಾರಾಯ್ರೆ. ಅಷ್ಟೇ ಇರೋದು."

ಅಷ್ಟೇ ಇದ್ದದ್ದು, ನಿಜ. ಆದರೆ ಹೇಡಿಗೆ ದಾರಿ ನೂರೆಂಟು. ಹೇಳಿದರೆ ಅವ್ವ "ಹೋಗ್ಲಿ ಬಿಡಪಾ" ಅನ್ನುತ್ತಾಳೆಂದು ನನಗೆ ಗೊತ್ತಿತ್ತು, ಅದನ್ನು ಕೇಳುವ ಶಕ್ತಿ ನನಗಿರಲಿಲ್ಲ. ಟಿವಿ ಕೆಡಬಹುದು, ಕರೆಂಟು ಹೋಗಬಹುದು ಎಂದು ಹುಬ್ಬಳ್ಳಿಯ ವಿದ್ಯುತ್ ಕಂಬಗಳನ್ನು ನಂಬಿಕೊಂಡು ಚಿತ್ರವನ್ನು ವೈನಿಯ ಫೋನಿಗೆ ಕಳಿಸಿದೆ. ವೈನಿ ಎಂದರೆ ನಮ್ಮಣ್ಣನ ಹೆಂಡತಿ.

ಸೋಮವಾರ ಅವರಿಗೆ ಸಂಜೆ, ನಮಗೆ ಬೆಳಗ್ಗೆ. ಆಫೀಸಿಗೆ ಹೊರಡುವ ಮೊದಲು ಕಾಲ್ ಬಂತು. ವೈನಿ ತನ್ನ ಫೋನನ್ನು ಟಿವಿಯ ಪಕ್ಕದ ಶೋಕೇಸಿನಲ್ಲಿ ನಿಲ್ಲಿಸಿದ್ದಳು. ಹಾಗಾಗಿ ನನಗೆ ಚಿತ್ರ ಕಾಣುವುದಿಲ್ಲ, ನೋಡುವವರು ಮಾತ್ರ ಕಾಣುತ್ತಾರೆ. ಜಮಖಾನೆಯ ಮೇಲೆ ಹನ್ನೆರಡು ಹೆಣ್ಣುಮಕ್ಕಳು, ಹಣೆಯಲ್ಲಿ ವಿಭೂತಿ, ಮಡಿಲಲ್ಲಿ ತಾಳ. ನಡುವೆ ಅವ್ವ. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಕರೆಂಟು ಹೋಗಲಿಲ್ಲ.

ಚಿತ್ರ ಶುರುವಾಯಿತು. ನನ್ನ ಕೈ ಬಂದಾಗ "ಶೇಖರನ ಕೈ!" ಎಂದರು. ಮೈತ್ರಿ ಬಂದಾಗ "ಬಂಗಾರದಂಥಾ ಕೂಸು" ಎಂದರು. ಬೆಕ್ಕು ಬಂತು, ನಕ್ಕರು. ಹೋಳಿಗೆ ಕದ್ದಿತು, ನಕ್ಕರು. ನಾನು ನೋಡುತ್ತಿದ್ದುದು ಅವ್ವನೊಬ್ಬಳನ್ನೇ. ಅವಳು ನಗುವುದಕ್ಕೆ ತಯಾರಾಗಿ ತುಟಿ ಬಿಚ್ಚಿ ಕೂತಿದ್ದಳು, ತನ್ನ ಸರದಿ ಬರಲಿ ಎಂದು. ಬೆಕ್ಕು ಮೇಜಿನ ಸುತ್ತ ಓಡಿತು. ಸೋಫಾದ ಹಿಂದೆ ಅಡಗಿತು. ಅವ್ವನ ತುಟಿ ಮೆಲ್ಲಗೆ ಮುಚ್ಚಿಕೊಂಡಿತು. ಅವಳಿಗೆ ತಿಳಿಯಿತೆಂದು ನನಗೆ ತಿಳಿಯಿತು. ಇಲ್ಲಿ ಅಡಿಗೆಮನೆಯ ಕಟ್ಟೆ ಹಿಡಿದುಕೊಂಡು ನಿಂತಿದ್ದ ನಾನು, ಅವ್ವಾ ತಪ್ಪಾತು ಎಂದು ಗಟ್ಟಿಯಾಗಿಯೇ ಅಂದೆ. ಟಿವಿಯ ಪಿಯಾನೊ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಚಿತ್ರ ಮುಗಿಯಿತು. ಗಂಗಕ್ಕ ಕೇಳಿಯೇಬಿಟ್ಟರು: "ಚಲೋ ಐತಿ ಖರೆ. ಆದರ ನೀಲವ್ವಾರ, ನೀವು ಎಲ್ಲೆದೀರಿ ಇದರಾಗ?"

ಹನ್ನೊಂದು ಮುಖಗಳೂ ಅವ್ವನ ಕಡೆ ತಿರುಗಿದವು. ಅವ್ವ ಸೆರಗು ಸರಿಮಾಡಿಕೊಂಡಳು. ನಮ್ಮ ಓಣಿಯಲ್ಲಿ ಐವತ್ತು ವರ್ಷ ಬಾಳಿದ ಹೆಂಗಸು, ಇಂಥ ಪ್ರಶ್ನೆಗೆ ಹೆದರುವವಳೇ?

"ಬೆಕ್ಕಿನ ಹಿಂದ ಅದೀನ್ರಿ."

"ಆಂ?"

"ನನ್ನ ಮ್ಯಾಲs ಬೆಕ್ಕು ಬರದಾನ ನನ್ನ ಮಗ. ನೀವು ಬೆಕ್ಕಿನ್ನ ನೋಡಬ್ಯಾಡ್ರಿ, ಕೂಸಿನ ಕಣ್ಣು ನೋಡ್ರಿ. ಬೆಕ್ಕಿನ್ನ ಯಾರರ ಹಂಗ ನೋಡ್ತಾರೇನು? ಅಕಿ ನೋಡಾಕತ್ತದ್ದು ನನ್ನ." ಆಮೇಲೆ ಸೊಸೆಯ ಕಡೆ ತಿರುಗಿ, "ಇನ್ನೊಮ್ಮೆ ಹಾಕವಾ," ಎಂದಳು.

ಇನ್ನೊಮ್ಮೆ ಹಾಕಿದರು. ಈ ಸಲ ಬೆಕ್ಕು ಎಷ್ಟು ಕುಣಿದರೂ ಒಬ್ಬರೂ ನಗಲಿಲ್ಲ. ಹನ್ನೆರಡು ಮಂದಿಯೂ ಕುತ್ತಿಗೆ ಮುಂದೆ ಚಾಚಿ, ನಾನು ಒಂದು ಗೆರೆಯನ್ನೂ ಎಳೆಯದ ಕಡೆಗೆ, ನನ್ನ ಮಗಳ ಮುಖದ ಕಡೆಗೆ ನೋಡುತ್ತಿದ್ದರು. "ಹೌದಲ್ರೀ," ಎಂದರು ಯಾರೋ ಮೆಲ್ಲಗೆ. "ಅಜ್ಜಿನ್ನ ನೋಡಿದಂಗs ನೋಡಾಕತ್ತೈತಿ." ಇನ್ನೊಬ್ಬರು ಕಣ್ಣೊರೆಸಿಕೊಂಡರು.

ಇದ್ದಕ್ಕಿದ್ದಂತೆ ಗಂಗಕ್ಕ ಎದ್ದು ನಿಂತು ಟಿವಿಯ ಹತ್ತಿರ ಬಂದೇಬಿಟ್ಟರು. ನನ್ನ ಫೋನಿನ ತುಂಬ ಅವರ ಸೆರಗೇ. "ಯವ್ವಾ! ಬೆಕ್ಕು ಏಳೂದು ನೋಡ್ರೆ ಇಲ್ಲೆ! ಎಡಗೈ ಕುರ್ಚಿ ಮ್ಯಾಲ, ಬಲಗೈ ಮೊಣಕಾಲ ಮ್ಯಾಲ, ಒಂದ ಸಲ ಉಸರು ಬಿಟ್ಟು ಏಳತೈತಿ. ಇದು ಬೆಕ್ಕಲ್ಲ, ಇವು ನಮ್ಮ ನೀಲವ್ವಾರ ಮೊಣಕಾಲs! ಕಂಡ್ರಿ ನೀಲವ್ವಾರ, ಕಂಡ್ರಿ!"

ಜಮಖಾನೆಯ ತುಂಬ ನಗು ಎದ್ದಿತು, "ಹೌದ್ರೀ, ಹೌದು, ಅವರs!" ಎಂಬ ಕೂಗು. ಗಂಗಕ್ಕನ ಸೆರಗು ಪಕ್ಕಕ್ಕೆ ಸರಿದಾಗ ಅವ್ವ ಕಂಡಳು. ಬಾಯಿಗೆ ಸೆರಗು ಒತ್ತಿಕೊಳ್ಳುವುದನ್ನೂ ಮರೆತು ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ಇತ್ತ ಮನೆಯಿಂದಲೇ ಸೇರುವ ನನ್ನ ಬೆಳಗಿನ ಮೀಟಿಂಗು ಶುರುವಾಗಿ ಹತ್ತು ನಿಮಿಷವಾಗಿತ್ತು, ಲ್ಯಾಪ್‌ಟಾಪಿನಲ್ಲಿ ಯಾರೋ ನನ್ನ ಹೆಸರು ಕೂಗುತ್ತಿದ್ದರು. ಅದನ್ನು ಮುಚ್ಚಿ, ಫೋನನ್ನು ಬಾಯಿಯ ಹತ್ತಿರ ತಂದು, ಎಷ್ಟು ಗಟ್ಟಿಯಾಗಿ ಆಗುತ್ತದೋ ಅಷ್ಟು ಗಟ್ಟಿಯಾಗಿ ಕೂಗಿದೆ: "ವೈನೀ, ಇನ್ನೊಮ್ಮೆ ಹಾಕ್ರಿ. ಫೋನ್ ತಿರುವಿ ಇಡ್ರಿ, ನಾನೂ ನಮ್ಮವ್ವನ್ನ ನೋಡಬೇಕು."